ಪಿಸುಮಾತಿನ ಕ್ಷೌರದಂಗಡಿ

ನಮ್ಮ ಬೀದಿಯ ಕ್ಷೌರಿಕನಿಗೆ ರೇಡಿಯೊ ಎಂಬ ಹೆಸರನ್ನು ಯಾರು ಇಟ್ಟರೋ ನನಗೆ ಗೊತ್ತಿಲ್ಲ. ಅವನ ಹೆಂಡತಿಯೂ ಅವನನ್ನು ಹಾಗೆಯೇ ಕರೆಯುತ್ತಿದ್ದಳು. ಅಂಗಡಿಯ ಬೋರ್ಡಿನ ಅಕ್ಷರಗಳು ಬಿಸಿಲಿಗೆ ಮಾಸಿಹೋಗಿದ್ದವು. ಮತ್ತೆ ಬರೆಸುವ ಗೋಜಿಗೆ ಅವನು ಹೋಗಿರಲಿಲ್ಲ. ಆ ಅಂಗಡಿಯನ್ನು ಹುಡುಕುವುದಕ್ಕೆ ಕಣ್ಣು ಬೇಕಾಗಿರಲಿಲ್ಲ, ಕಿವಿಯಿದ್ದರೆ ಸಾಕಿತ್ತು. ಬೆಳಗ್ಗೆ ಬಾಗಿಲು ತೆಗೆಯುವಾಗ ಶುರುವಾದ ಮಾತು ಸಂಜೆ ಕಸ ಗುಡಿಸುವವರೆಗೂ ನಿಲ್ಲುತ್ತಿರಲಿಲ್ಲ. ನೊರೆ ಕಲಸುವಾಗ ಒಂದು ವಿಷಯ, ಕತ್ತರಿ ಹಿಡಿದಾಗ ಇನ್ನೊಂದು, ಕುತ್ತಿಗೆ ಒರೆಸುವಾಗ ಮೊದಲಿನ ವಿಷಯದ ಮುಕ್ತಾಯ. ಗಂಟಲ ಮೇಲೆ ರೇಜರ್ ಇರುವ ಗಿರಾಕಿ ಉತ್ತರ ಕೊಡುವಂತಿಲ್ಲವಾದ್ದರಿಂದ, ಪ್ರಶ್ನೆ ಕೇಳಿ ಉತ್ತರವನ್ನೂ ಅವನೇ ಹೇಳಿಕೊಳ್ಳುತ್ತಿದ್ದ. ಆ ಉತ್ತರವನ್ನು ಒಪ್ಪದೆ ತಾನೇ ವಾದಕ್ಕಿಳಿಯುವುದೂ ಉಂಟು.

ಅಂಗಡಿ ಉದ್ದನೆಯ, ಅಗಲ ಕಡಿಮೆಯಿರುವ ಒಂದು ಕೋಣೆ. ಎದುರುಬದುರು ಎರಡು ಕನ್ನಡಿ, ತಿರುಗುವ ಒಂದು ಕುರ್ಚಿ, ತಿರುಗುವುದನ್ನು ನಿಲ್ಲಿಸಿ ಹಳೆಯ ಪತ್ರಿಕೆಗಳನ್ನು ಹೊತ್ತುಕೊಂಡು ಕುಳಿತ ಇನ್ನೊಂದು ಕುರ್ಚಿ, ಕಾಯುವವರಿಗೆ ಒಂದು ಬೆಂಚು. ಹಿಂಭಾಗದಲ್ಲಿ ಮರದ ಮೆಟ್ಟಿಲು. ಅದನ್ನು ಹತ್ತಿದರೆ ಅವನ ಮನೆ. ಮೇಲಿನ ನೆಲವೂ ಮರದ ಹಲಗೆಗಳದ್ದೇ. ಮೇಲೆ ಯಾರಾದರೂ ಚೊಂಬು ಬೀಳಿಸಿದರೆ ಕೆಳಗೆ ಗಿರಾಕಿಗಳು ತಲೆ ಎತ್ತುತ್ತಿದ್ದರು. ಕೆಳಗೆ ಯಾರಾದರೂ ನಕ್ಕರೆ ಮೇಲೆ ಒಲೆಯ ಮುಂದೆ ಇದ್ದವರಿಗೂ ನಗು ಬರುತ್ತಿತ್ತು. ಒಬ್ಬಳೇ ಮಗಳು. ಅವಳ ಓದುವ ಮೇಜು ಸರಿಯಾಗಿ ತಿರುಗುವ ಕುರ್ಚಿಯ ನೆತ್ತಿಯ ಮೇಲಿತ್ತು.

ಆ ಹುಡುಗಿ ನನ್ನ ತರಗತಿಯಲ್ಲಿ ಓದಿದವಳು. ನಾನು ಭಾಷೆ ಕಲಿಸುತ್ತಿದ್ದವನು. ಆದರೂ ಪದ್ಯ ಓದಿಸುತ್ತಿರುವಾಗ ಅವಳು ಎದ್ದು ನಿಂತು, “ಸಾರ್, ಹಲ್ಲಿ ಬಾಲ ಬಿಟ್ಟು ಓಡಿಹೋಗುತ್ತಲ್ಲ, ನೋವಾಗೋದು ಬಾಲಕ್ಕಾ ಹಲ್ಲಿಗಾ?” ಎಂದು ಕೇಳಿದ್ದಳು. ವಿಜ್ಞಾನದ ಮೇಡಮ್ಮನ್ನು ಕೇಳು ಎಂದು ನಾನು ಜಾರಿಕೊಂಡೆ. ಮೇಡಂ ಏನು ಹೇಳಿದರೋ, ಆ ವರ್ಷದ ಕೊನೆಗೆ ಹುಡುಗಿ ತಾನು ಡಾಕ್ಟರಾಗುವುದಾಗಿ ಎಲ್ಲರೆದುರು ಹೇಳಿದಳು. ರೇಡಿಯೊ ಆ ಸುದ್ದಿಯನ್ನು ಎಷ್ಟು ತಲೆಗಳಿಗೆ ಹೇಳಿದನೋ ಲೆಕ್ಕವಿಲ್ಲ. ಬೋಳುತಲೆಯವರು ಕೂಡ ಸುಮ್ಮನೆ ಕೇಳಿ ಹೋಗಲು ಬರುತ್ತಿದ್ದರು.

ವೈದ್ಯಕೀಯ ಕಾಲೇಜಿಗೆ ಪ್ರವೇಶ ಪರೀಕ್ಷೆಯೊಂದು ಇರುತ್ತದೆ. ಅದರಲ್ಲಿ ಬಂದ ಅಂಕದ ಮೇಲೆ ಸೀಟು. ಅವಳು ಮೊದಲ ಸಲ ಬರೆದಾಗ ಸೀಟು ಸಿಗಲಿಲ್ಲ. ಯಾರೂ ಗಾಬರಿಯಾಗಲಿಲ್ಲ, ಮೊದಲ ಸಲಕ್ಕೇ ಗೆದ್ದವರು ಎಷ್ಟು ಜನ. ಆದರೆ ಅವಳ ತಾಯಿ, ಬೇಕರಿಯಲ್ಲಿ ಕೆಲಸ ಮಾಡುವವಳು, ಒಂದು ದಿನ ಬ್ರೆಡ್ಡಿನ ಬುಟ್ಟಿ ಇಳಿಸುತ್ತ ಗಂಡನಿಗೆ ತಮಾಷೆಗೆ ಅಂದಳಂತೆ: “ನೀನು ದಿನವಿಡೀ ಕೆಳಗೆ ವಟವಟ ಅಂತಿದ್ರೆ ಮೇಲೆ ಅವಳ ತಲೆಗೆ ಏನು ಹತ್ತುತ್ತೆ? ನಿನ್ನ ಮಾತೇ ಹತ್ತುತ್ತೆ.”

ಅವಳು ನಕ್ಕು ಮರೆತಳು. ಅವನು ಮರೆಯಲಿಲ್ಲ. ಮಾರನೆಯ ದಿನ ನಾನು ಹೋದಾಗ ಅವನು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಮೇಲಿನ ಹಲಗೆಗಳನ್ನು ತೋರಿಸಿದ. ಅಷ್ಟೇ. ಅಂದಿನಿಂದ ಆ ಅಂಗಡಿ ಬಾಯಿ ಮುಚ್ಚಿತು.

ಬಾಗಿಲಿಗೆ ಕಟ್ಟಿದ್ದ ಗಂಟೆಗೆ ಚಿಂದಿ ಸುತ್ತಿದ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಸ್ಪಂಜು ಇಟ್ಟ. ಕತ್ತರಿಗೆ ದಿನಾ ಎಣ್ಣೆ. ವಿದ್ಯುತ್ ಮಷೀನನ್ನು ಮಗಳು ಹೊರಗೆ ಹೋದಾಗ ಮಾತ್ರ ಹಚ್ಚುವುದು. ಗಿರಾಕಿಗಳೂ ಅವನ ಮೇಲಿನ ಅಭಿಮಾನದಿಂದ ಇದಕ್ಕೆ ಒಗ್ಗಿಕೊಂಡರು. ಬೇಕಾದ್ದನ್ನು ಸನ್ನೆಯಲ್ಲಿ ಹೇಳುವ ಪದ್ಧತಿ ಬಂತು. ಹೆಬ್ಬೆರಳು ತೋರುಬೆರಳಿನ ನಡುವೆ ತೋರಿಸಿದಷ್ಟು ಕೂದಲು ಉಳಿಸಬೇಕು. ಕಿವಿಯ ಪಕ್ಕ ಅಂಗೈ ಅಡ್ಡ ಹಿಡಿದರೆ ಪಕ್ಕದ ಕೂದಲು ಇಳಿಸಬೇಕು. ಮೀಸೆಯನ್ನು ಎರಡು ಬೆರಳಲ್ಲಿ ಚಿವುಟಿ ತೋರಿಸಿದರೆ ಸ್ವಲ್ಪ ಕತ್ತರಿಸುವುದು. ಮೂಗಿನ ಕೆಳಗೆ ಬೆರಳನ್ನು ಈ ತುದಿಯಿಂದ ಆ ತುದಿಗೆ ಎಳೆದರೆ ಪೂರ್ತಿ ತೆಗೆಯುವುದು. ಅನುಮಾನ ಬಂದರೆ ಅವನು ಗಿರಾಕಿಯ ಭುಜವನ್ನು ಎರಡು ಸಲ ತಟ್ಟುವನು. ಗಿರಾಕಿ ತಲೆಯಾಡಿಸಿದರೆ ಖಾತ್ರಿ. ಬದುಕಿಡೀ ತರಗತಿಗಳಲ್ಲಿ “ಸದ್ದು, ಸದ್ದು” ಎಂದು ಮೇಜು ಕುಟ್ಟಿದ ನನಗೆ ಅಂಥ ನಿಶ್ಶಬ್ದ ಒಂದು ದಿನವೂ ದಕ್ಕಿರಲಿಲ್ಲ.

ಮಾತು ಮಾತ್ರ ಎಲ್ಲಿಗೂ ಹೋಗಿರಲಿಲ್ಲ, ಒಳಗೇ ತುಂಬಿಕೊಂಡಿತ್ತು. ಕ್ಷೌರ ಮುಗಿದ ಮೇಲೆ ಅವನು ಗಿರಾಕಿಯನ್ನು ಕಳಿಸಿಕೊಡುವ ನೆಪದಲ್ಲಿ ಬೀದಿಯ ತಿರುವಿನ ದೀಪದ ಕಂಬದವರೆಗೆ ಬರುತ್ತಿದ್ದ. ಅಲ್ಲಿಗೆ ಬಂದೊಡನೆ ಅಣೆಕಟ್ಟಿನ ಬಾಗಿಲು ತೆಗೆದಂತಾಗುತ್ತಿತ್ತು. ಕ್ಷೌರಕ್ಕೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಕಂಬದ ಬಳಿ ಹಿಡಿಯುತ್ತಿತ್ತು. ಅತ್ತ ಅಂಗಡಿಯಲ್ಲಿ ಮುಂದಿನ ಗಿರಾಕಿ ಹೊದಿಕೆಬಟ್ಟೆ ತಾನೇ ಕಟ್ಟಿಕೊಂಡು ಕುಳಿತಿರುತ್ತಿದ್ದ. ರೇಡಿಯೊನ ಹೆಂಡತಿ ಬೇಕರಿಯ ಕಿಟಕಿಯಿಂದ ನನಗೊಮ್ಮೆ ಹೇಳಿದಳು: “ಮೇಷ್ಟ್ರೇ, ಈಗ ನಿದ್ದೆಯಲ್ಲಿ ಮಾತಾಡ್ತಾರೆ. ನಿನ್ನೆ ನನ್ನ ತಲೆ ಹಿಡ್ಕೊಂಡು ‘ಹಿಂದೆ ಇನ್ನೂ ಸ್ವಲ್ಪ ಇಳಿಸ್ಲಾ ಸಾರ್’ ಅಂತ ಕೇಳ್ತಾರೆ.”

ಎರಡನೆಯ ಸಲ ಅಂಕ ಮೇಲೇರಿತು, ಸೀಟಿನ ಬಾಗಿಲ ತನಕ ಹೋಗಿ ನಿಂತಿತು. ಇಷ್ಟು ಹತ್ತಿರ ಬಂದಮೇಲೆ ಬಿಡುವುದುಂಟೇ ಎಂದು ಎಲ್ಲರೂ ಅಂದರು. ಮೂರನೆಯ ಸಲ ಅದು ಕೆಳಗಿಳಿಯಿತು. ಆಗ ಯಾರೂ ಏನೂ ಅನ್ನಲಿಲ್ಲ. ನಾಲ್ಕನೆಯ ಸಲಕ್ಕೆ ಅರ್ಜಿ ಹಾಕುವ ದಿನಗಳು ಬಂದವು, ಮುಗಿಯುತ್ತಲೂ ಬಂದವು. ಹುಡುಗಿ ಅರ್ಜಿ ಹಾಕಿರಲಿಲ್ಲ, ಹಾಕುವುದಿಲ್ಲವೆಂದೂ ಹೇಳಿರಲಿಲ್ಲ.

ಆ ವಾರ ನಾನು ಪುಸ್ತಕ ಹಿಂದಿರುಗಿಸಲು ವಾಚನಾಲಯಕ್ಕೆ ಹೋಗಿದ್ದೆ. ಅಲ್ಲಿ ಪತ್ರಿಕೆ ಓದುವ ಕೋಣೆಯಲ್ಲಿ ನನ್ನಂಥ ಮುದುಕರು ಕೆಮ್ಮುತ್ತ, ಹಾಳೆ ಝಾಡಿಸುತ್ತ, ಪಕ್ಕದವನಿಗೆ ಸುದ್ದಿ ಓದಿ ಹೇಳುತ್ತ ಕುಳಿತಿರುತ್ತಾರೆ. ಅವರ ನಡುವೆ ಆ ಹುಡುಗಿ ದಪ್ಪ ಪುಸ್ತಕ ತೆರೆದು ಕುಳಿತಿದ್ದಳು.

“ಇಲ್ಯಾಕಮ್ಮ? ಒಳಗೆ ಓದೋ ಕೋಣೆ ಖಾಲಿ ಇದೆಯಲ್ಲ,” ಎಂದೆ.

“ಅಲ್ಲಿ ತುಂಬಾ ನಿಶ್ಶಬ್ದ ಸಾರ್. ಮನೆಯಲ್ಲಿ ಇರೋ ಹಾಗೇ.” ಅವಳು ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿದಳು. “ಸಾರ್, ಒಬ್ಬರು ಈ ಪರೀಕ್ಷೆ ಎಷ್ಟು ಸಲ ಬರೀಬಹುದು?” ಎಂದು ಕೇಳಿದಳು.

“ಮಿತಿ ಇಲ್ಲ ಅಂತ ಕೇಳಿದ್ದೀನಿ.”

“ಅದೇ ಕಷ್ಟ. ಇಷ್ಟೇ ಸಲ ಅಂತ ಇದ್ದಿದ್ರೆ ಯಾರೋ ಬಾಗಿಲು ಹಾಕೋರು. ನಾನು ಅತ್ತು ಮುಗಿಸ್ತಿದ್ದೆ. ಈಗ ಬಾಗಿಲು ನಾನೇ ಹಾಕ್ಬೇಕು. ಹೆಂಗೆ ಹಾಕ್ಲಿ? ಅಪ್ಪ ಹೊಸಿಲ ಮೇಲೇ ಕೂತಿದಾರೆ, ಬಾಯಿ ಮುಚ್ಕೊಂಡು.”

“ನಿನಗೆ ಡಾಕ್ಟರಾಗೋ ಆಸೆ ಈಗಲೂ ಇದೆಯಾ?”

ಅವಳು ಬಹಳ ಹೊತ್ತು ಯೋಚಿಸಿದಳು. ಸುಳ್ಳು ಹೇಳಲು ಬಾರದ ಮಕ್ಕಳು ಹಾಗೆ ಯೋಚಿಸುತ್ತಾರೆ. “ಗೊತ್ತಿಲ್ಲ ಸಾರ್. ಮುಂಚೆ ಇತ್ತು. ಈಗ ಅದು ನನ್ನ ಆಸೆನಾ ಅಪ್ಪನ ಋಣನಾ ಅಂತ ತಿಳೀತಿಲ್ಲ. ಎರಡೂ ಕಲಸಿಹೋಗಿದೆ.”

ಎರಡು ದಿನ ಕಳೆದು ಕೂದಲು ಕತ್ತರಿಸಿಕೊಳ್ಳಲು ಹೋದೆ. ಕೆಲಸ ಮುಗಿಸಿ ರೇಡಿಯೊ ಎಂದಿನಂತೆ ಕಂಬದವರೆಗೆ ಬಂದ. ಆದರೆ ಅಣೆಕಟ್ಟಿನ ಬಾಗಿಲು ತೆರೆಯಲಿಲ್ಲ. ಹೆಗಲ ಮೇಲಿನ ಟವೆಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

“ಮೇಷ್ಟ್ರೇ, ಎಷ್ಟು ಸಲ ಬರೆಸೋದು?”

ಉತ್ತರಕ್ಕೆ ಕಾಯದೆ ಅವನೇ ಮುಂದುವರಿಸಿದ.

“ಸಾಕು ಬಿಡು ಮಗಳೇ ಅಂದ್ರೆ, ಅಪ್ಪನಿಗೆ ನನ್ನ ಮೇಲೆ ನಂಬಿಕೆ ಹೋಯ್ತು ಅಂದ್ಕೋತಾಳೆ. ಇನ್ನೊಂದು ಸಲ ಬರಿ ಅಂದ್ರೆ, ಹಗ್ಗ ಕಟ್ಟಿ ಎಳೆದವನು ನಾನಾಗ್ತೀನಿ. ಅವಳಾಗಿ ಬಾಯಿ ಬಿಡ್ತಿಲ್ಲ. ಊಟಕ್ಕೆ ಕೂತ್ರೆ ಮೂರು ಜನ ಮೂರು ಗೋಡೆ ನೋಡ್ತೀವಿ. ನೀವು ಅವಳಿಗೆ ಪಾಠ ಹೇಳಿದವರು. ನೀವು ಹೇಳಿದ್ರೆ ಕೇಳ್ತಾಳೆ.”

“ಏನಂತ ಹೇಳ್ಲಿ?”

“ಅದೇ ಗೊತ್ತಿಲ್ವಲ್ಲ,” ಎಂದ. ಹಾಗೆ ಹೇಳಿ ತಾನೇ ನಕ್ಕ. ಆ ನಗು ಅರ್ಧಕ್ಕೆ ನಿಂತಿತು.

ಮಗಳು ವಾಚನಾಲಯದಲ್ಲಿ ಹೇಳಿದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಅದು ನನ್ನನ್ನು ನಂಬಿ ಹೇಳಿದ ಮಾತು. ಅದನ್ನು ಅವಳ ಬಾಯಿಂದಲೇ ಅವನು ಕೇಳಬೇಕಿತ್ತು. “ನೀವಿಬ್ಬರೂ ಒಂದು ದಿನ ಕೂತು ಮಾತಾಡಿ,” ಎಂದಷ್ಟೇ ಹೇಳಿದೆ.

“ಮಾತಾ?” ಎಂದ ರೇಡಿಯೊ, ಯಾವುದೋ ಮರೆತುಹೋದ ಊರಿನ ಹೆಸರು ಕೇಳಿದವನಂತೆ.

ಹಾಗೆ ಕೂತು ಮಾತಾಡುವ ಗಳಿಗೆ ತಾನಾಗಿ ಬರುತ್ತಿತ್ತೋ ಇಲ್ಲವೋ. ಅದನ್ನು ತಂದದ್ದು ಗಾರ್ಡ್ ಸಾಹೇಬರ ನೆಗಡಿ.

ಗಾರ್ಡ್ ಸಾಹೇಬರು ರೈಲಿನಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು. ನಮ್ಮ ಬೀದಿಯಲ್ಲಿ ಅವರ ಮೀಸೆಯನ್ನು ಅರಿಯದವರಿಲ್ಲ. ಎರಡು ಕೆನ್ನೆಗಳ ಮೇಲೂ ಹಬ್ಬಿ, ತುದಿಯಲ್ಲಿ ಮೇಲಕ್ಕೆ ತಿರುಗಿ ನಿಂತ ಬಿಳಿಯ ಮೀಸೆ. ಹಸಿರು ಬಾವುಟ ಬೀಸುವುದಕ್ಕಿಂತ ಮೀಸೆ ತಿರುವಿದರೇ ರೈಲು ಬೇಗ ಹೊರಡುತ್ತಿತ್ತೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಆ ಬೆಳಗ್ಗೆ ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ, ಮುಖದ ತುಂಬ ನೊರೆ ಹಚ್ಚಿಸಿಕೊಂಡು, ಕಣ್ಣು ಮುಚ್ಚಿದ್ದರು. ನಾನು ಬೆಂಚಿನ ಮೇಲೆ ಪತ್ರಿಕೆ ಹಿಡಿದಿದ್ದೆ. ಅವರಿಗೆ ಜೋರು ನೆಗಡಿ. ಮೂಗು ಕಡಿಯಿತೆಂದು ಕಾಣುತ್ತದೆ. ಹೊದಿಕೆಬಟ್ಟೆಯ ಕೆಳಗಿಂದ ಕೈ ತೆಗೆದು, ಮೂಗಿನ ಕೆಳಗೆ ಬೆರಳನ್ನು ಈ ತುದಿಯಿಂದ ಆ ತುದಿಗೆ ಎಳೆದರು.

ರೇಡಿಯೊ ಕಲ್ಲಾಗಿ ನಿಂತ. ನನ್ನ ಕಡೆ ನೋಡಿದ. ನಾನು ಹುಬ್ಬೇರಿಸಿದೆ, ದೊಡ್ಡವರ ಮೀಸೆ, ದೊಡ್ಡವರ ಇಷ್ಟ ಎನ್ನುವಂತೆ. ಅವನು ಪದ್ಧತಿ ತಪ್ಪಲಿಲ್ಲ. ಭುಜವನ್ನು ಎರಡು ಸಲ ತಟ್ಟಿದ. ಗಾರ್ಡ್ ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. ಆದರೂ ನಂಬಿಕೆ ಬಾರದೆ ಅವನು ಮತ್ತೆ ತಟ್ಟಿದ. ಅವರು ಇನ್ನೂ ಜೋರಾಗಿ ತಲೆಯಾಡಿಸಿದರು. ಕ್ಷೌರಿಕನಾದವನು ಇನ್ನೇನು ಮಾಡಬೇಕು. ಕತ್ತರಿ ತೆಗೆದುಕೊಂಡ. ಆಮೇಲೆ ರೇಜರ್.

ಮುಖ ಒರೆಸಿದ ಮೇಲೆ ಅವರು ಕಣ್ಣು ತೆರೆದರು. ಕನ್ನಡಿಯಲ್ಲಿ ಯಾರೋ ಅಪರಿಚಿತ ಕುಳಿತಿದ್ದ. ಗಾರ್ಡ್ ಸಾಹೇಬರು ಬಾಯಿ ಅಗಲಿಸಿದರು. ರೈಲಿನ ಸಿಳ್ಳೆಯೇ ಹೊರಡುವುದೆಂದು ನಾನು ಕಾದೆ. ಅವರ ಕಣ್ಣು ಮೇಲಿನ ಹಲಗೆಗಳ ಕಡೆ ಹೋಯಿತು. ಬಂದ ಸ್ವರವನ್ನು ಅಲ್ಲೇ ತಡೆದು, ಪಿಸುಮಾತಿನಲ್ಲಿ ಬೈಯತೊಡಗಿದರು.

“ಏನಯ್ಯಾ ಮಾಡ್ದೆ ನೀನು? ಏನು ಮಾಡ್ದೆ?”

“ನೀವೇ ತೋರಿಸಿದ್ರಲ್ಲ ಸಾಹೇಬ್ರೇ, ಹಿಂಗೆ,” ಎಂದು ಅವನೂ ಪಿಸುಗುಟ್ಟಿದ.

“ಅದು ನೆಗಡಿ ಕಣಯ್ಯ. ಮೂಗು ಒರೆಸ್ಕೊಂಡೆ.”

“ಭುಜ ತಟ್ಟಿ ಕೇಳಿದ್ನಲ್ಲ. ತಲೆ ಆಡಿಸಿದ್ರಿ.”

“ಸೀನು ತಡ್ಕೋತಾ ಇದ್ದೆ. ನಿನ್ನ ಮಗಳು ಓದ್ತಾ ಇದಾಳೆ ಅಂತ.”

“ಎರಡನೇ ಸಲಾನೂ ಆಡಿಸಿದ್ರಿ.”

“ಎರಡನೇ ಸೀನು.” ಅವರು ಬೋಳಾದ ತುಟಿಯನ್ನು ಮುಟ್ಟಿ ನೋಡಿಕೊಂಡರು. “ಈಗ ನನ್ನ ಹೆಂಡತಿ ಮನೆಗೆ ಸೇರಿಸ್ತಾಳೇನಯ್ಯ? ಮದುವೆಯಾದಾಗಿನಿಂದ ಅವಳು ಈ ತುಟೀನೇ ನೋಡಿಲ್ಲ.”

ಇಬ್ಬರೂ ಬುಸುಗುಡುವುದು ಹಾವುಗಳೆರಡು ಒಂದೇ ಬುಟ್ಟಿಯಲ್ಲಿ ಸಿಕ್ಕಿಕೊಂಡಂತಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹುಡುಗಿ ಅರ್ಧ ಇಳಿದು ಬಂದು ನೋಡಿದಳು: ಮೀಸೆಯಿಲ್ಲದ ಗಾರ್ಡ್ ಸಾಹೇಬರು ಹೊದಿಕೆಬಟ್ಟೆ ಹೊದ್ದೇ ಎದ್ದು ನಿಂತು, ಮುಷ್ಟಿ ಆಡಿಸುತ್ತ ಸದ್ದಿಲ್ಲದೆ ಬೈಯುತ್ತಿದ್ದಾರೆ, ಅಪ್ಪ ರೇಜರ್ ಹಿಡಿದ ಕೈಗಳನ್ನೇ ಜೋಡಿಸಿ ಸದ್ದಿಲ್ಲದೆ ಬೇಡಿಕೊಳ್ಳುತ್ತಿದ್ದಾನೆ, ಮೇಷ್ಟ್ರು ಪತ್ರಿಕೆಯಲ್ಲಿ ಮುಖ ಮುಚ್ಚಿಕೊಂಡು ಕುಲುಕುತ್ತಿದ್ದಾರೆ. ಅವಳಿಗೆ ನಗು ಬಂತು. ಮೆಟ್ಟಿಲ ಮೇಲೆ ಕುಸಿದು ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಅಂಗಡಿಯಲ್ಲಿ ಅಷ್ಟು ಜೋರಾದ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಗಾರ್ಡ್ ಸಾಹೇಬರಿಗೂ ತಡೆಯಲಾಗಲಿಲ್ಲ. ನಗುತ್ತ ನಗುತ್ತ ಹುಡುಗಿಯ ಮುಖ ಬೇರೆಯಾಯಿತು. ಮಂಡಿಗಳಲ್ಲಿ ಮುಖ ಹುದುಗಿಸಿ ಅಳತೊಡಗಿದಳು.

ರೇಡಿಯೊ ರೇಜರನ್ನು ಕೆಳಗಿಟ್ಟು ಮೆಟ್ಟಿಲ ಬಳಿ ಹೋಗಿ ನಿಂತ. “ಮರಿ, ಏನಾಯ್ತು?” ಎಂದು ಪಿಸುಗುಟ್ಟಿದ.

“ಅಪ್ಪ, ಜೋರಾಗಿ ಮಾತಾಡು.”

“ನಿನಗೆ ತೊಂದ್ರೆ ಆಗುತ್ತಲ್ಲ.”

“ತೊಂದ್ರೆ ಆಗ್ತಿರೋದೇ ಇದರಿಂದ. ಕೆಳಗೆ ನೀವೆಲ್ಲ ಉಸಿರು ಹಿಡ್ಕೊಂಡು ಕೂತಿರೋದು ಮೇಲೆ ಕೇಳ್ಸುತ್ತೆ. ಗಾರ್ಡ್ ತಾತ ಸೀನು ತಡ್ಕೊಳ್ಳೋದೂ ಕೇಳ್ಸುತ್ತೆ. ನಾನು ಓದ್ತಾ ಇಲ್ಲ ಅಂತ ಗೊತ್ತಾಗಿಬಿಡುತ್ತೇನೋ ಅಂತ ಸುಮ್‌ಸುಮ್ನೆ ಹಾಳೆ ಮಗುಚ್ತೀನಿ.”

“ಮೊದ್ಲೇ ಹೇಳಬಾರ್ದಿತ್ತಾ?”

“ಹೆಂಗೆ ಹೇಳ್ಲಿ? ನನಗೋಸ್ಕರ ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ. ಬೀಗ ಬೇಡ ಅಂದ್ರೆ ನಾನು ಓದಲ್ಲ ಅಂದ ಹಾಗೇ. ಓದಲ್ಲ ಅಂದ್ರೆ ನೀನು ಇಷ್ಟು ದಿನ ಬಾಯಿ ಮುಚ್ಚಿದ್ದೆಲ್ಲ ದಂಡ ಆಯ್ತು ಅಂದ ಹಾಗೆ. ಅದಕ್ಕೇ ಮತ್ತೆ ಮತ್ತೆ ಬರ್ದೆ.”

ಅವನು ಮೆಟ್ಟಿಲ ಮೇಲೆ ಅವಳ ಕಾಲ ಬಳಿ ಕುಳಿತ. ಟವೆಲಿನಿಂದ ತನ್ನ ಕೈ ಒರೆಸಿಕೊಂಡ, ಅದರ ಒಣಗಿದ ತುದಿಯಿಂದ ಅವಳ ಕೆನ್ನೆ ಒರೆಸಿದ. ಮಾತು ಬಂದಾಗ ಅದು ಅವನ ಹಳೆಯ ದನಿಯಲ್ಲೇ ಬಂತು, ಸ್ವಲ್ಪ ತುಕ್ಕು ಹಿಡಿದಂತೆ.

“ಬೇರೆ ಮಕ್ಕಳಿಗೆ ಅವರವರ ಅಪ್ಪಂದಿರು ಲೆಕ್ಕ ಹೇಳ್ಕೊಡ್ತಾರೆ. ನಿನ್ನ ಪುಸ್ತಕ ತೆಗೆದು ನೋಡಿದ್ರೆ ನನಗೆ ಚಿತ್ರ ಬಿಟ್ಟು ಏನೂ ತಿಳಿಯಲ್ಲ. ನಿನಗೆ ಕೊಡೋಕೆ ನನ್ನ ಹತ್ರ ಏನಿತ್ತು ಹೇಳು. ಈ ಬಾಯಿ ಒಂದಿತ್ತು. ಅದನ್ನ ಕೊಟ್ಟೆ.”

ಗಾರ್ಡ್ ಸಾಹೇಬರು ಕೊನೆಗೂ ಸೀನಿದರು, ಎರಡು ವರ್ಷ ಕೂಡಿಟ್ಟದ್ದನ್ನೆಲ್ಲ ಸೇರಿಸಿ. ಕನ್ನಡಿ ಅಲುಗಿತು. ಮೂಗು ಒರೆಸಿಕೊಂಡು, “ನನ್ನ ಹತ್ರ ಮೀಸೆ ಒಂದಿತ್ತು. ಅದನ್ನೂ ಕೊಟ್ಟಾಯ್ತು,” ಎಂದರು. “ಈಗ್ಲಾದ್ರೂ ಹೇಳಮ್ಮ. ಬರೀತೀಯೋ, ಇಲ್ವೋ?”

ಹುಡುಗಿ ಒದ್ದೆ ಕಣ್ಣಲ್ಲೇ ನಕ್ಕಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

“ಇನ್ನೊಂದು ಸಲ ಬರೀತೀನಿ. ಅದೇ ಕೊನೆ.”

“ಕೊನೆ ಅಂತ ಈಗ್ಲೇ ಯಾಕೆ ಅಂತೀಯ? ನೋಡೋಣ...”

“ಇಲ್ಲಪ್ಪ. ಮೊದಲನೇ ಸಲ, ಡಾಕ್ಟರಾಗ್ತೀನಿ ಅಂತ ಎಲ್ಲರಿಗೂ ಹೇಳ್ಬಿಟ್ಟಿದ್ದೆ ಅಂತ ಬರ್ದೆ. ಆಮೇಲೆ ನಿನ್ನ ಬಾಯಿಗೋಸ್ಕರ ಬರ್ದೆ. ನನಗೋಸ್ಕರ ಒಂದು ಸಲ ಬರೀಬೇಕು. ಸೀಟು ಬಂದ್ರೆ ಹೋಗ್ತೀನಿ. ಬರದಿದ್ರೆ ಬಂದು ಹೇಳ್ತೀನಿ. ಆಗ ನೀನು ‘ಇನ್ನೊಂದೇ ಒಂದು ಸಲ’ ಅನ್ನಬಾರದು. ಹಾಗಂತ ಒಪ್ಕೊಂಡ್ರೆ ಬರೀತೀನಿ. ಇಲ್ಲಾಂದ್ರೆ ಈಗ್ಲೇ ಮೇಲೆ ಹೋಗಿ ಪುಸ್ತಕ ಕಟ್ಟಿಡ್ತೀನಿ.”

ಅವನು ಬಾಯಿ ತೆರೆದ, ಮುಚ್ಚಿದ. ಅವನಿಗೆ ಬಾಯಿ ಮುಚ್ಚಿಕೊಂಡಿರುವುದಕ್ಕಿಂತ ಇದು ಕಷ್ಟದ ಕೆಲಸವೆಂದು ನೋಡಿದರೇ ತಿಳಿಯುತ್ತಿತ್ತು. ಮೌನದಲ್ಲಿ ಆಸೆಗೆ ಜಾಗವಿರುತ್ತದೆ. ಅವಳು ಕೇಳುತ್ತಿದ್ದುದು ಆ ಜಾಗವನ್ನೇ ಬಿಟ್ಟುಕೊಡೆಂದು.

“ಗಾರ್ಡ್ ಸಾಹೇಬ್ರೇ, ನೀವು ಹೇಳಿ,” ಎಂದ.

“ನಾನೇನು ಹೇಳ್ಲಿ? ಒಂದು ಕಡೆ ಸ್ವಲ್ಪ ಜಾಸ್ತಿ ಆಯ್ತು ಅಂತ ಆ ಕಡೆ ಕತ್ತರಿಸಿ, ಆ ಕಡೆ ಕಡಿಮೆ ಆಯ್ತು ಅಂತ ಈ ಕಡೆ ಕತ್ತರಿಸಿ, ಹೋಗ್ತಾ ಹೋಗ್ತಾ ಏನಾಗುತ್ತೆ ಅಂತ ನಿನಗೆ ಗೊತ್ತಿಲ್ವಾ? ನನ್ನ ಮುಖ ನೋಡು.”

“ನಿಮ್ಮದು ಒಂದೇ ಸಲಕ್ಕೆ ಆಯ್ತಲ್ಲ ಸಾಹೇಬ್ರೇ.”

“ಹೌದಲ್ಲ,” ಎಂದು ಅವರು ಒಪ್ಪಿಕೊಂಡರು. “ಆದ್ರೂ ಮಗು ಕೇಳ್ತಿದೆ. ಒಪ್ಕೋ.”

ಅವನು ಒಪ್ಪಿಕೊಂಡ. ಬಾಯಲ್ಲಿ ಹೇಳು ಎಂದು ಅವಳು ಹಠ ಹಿಡಿದಳು. ಬಾಯಲ್ಲೇ ಹೇಳಿದ. ಅವಳು ಆ ಮಧ್ಯಾಹ್ನವೇ ಹೋಗಿ ಅರ್ಜಿ ಹಾಕಿ ಬಂದಳು.

ಆಮೇಲಿನ ತಿಂಗಳುಗಳಲ್ಲಿ ಆ ಅಂಗಡಿಯನ್ನು ನೋಡಬೇಕಿತ್ತು. ಗಂಟೆಯ ಚಿಂದಿ ಬಿಚ್ಚಿದರು. ಕೂಡಿಟ್ಟ ಮಾತಿಗೆಲ್ಲ ಬಡ್ಡಿ ಸೇರಿಸಿ ರೇಡಿಯೊ ಮಾತಾಡಿದ. ಹುಡುಗಿ ಬೇಸರವಾದಾಗ ಪುಸ್ತಕ ಹಿಡಿದು ಕೆಳಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತಳು. ಕಾಯುವ ಗಿರಾಕಿಗಳು ಪುಸ್ತಕ ಇಸಿದುಕೊಂಡು ಪ್ರಶ್ನೆ ಕೇಳಿದರು. ಗಾರ್ಡ್ ಸಾಹೇಬರು ಮೂಳೆಗಳ ಹೆಸರನ್ನು ರೈಲು ನಿಲ್ದಾಣಗಳ ಹೆಸರಿನಂತೆ ಕೂಗಿ ಓದುತ್ತಿದ್ದರು. ಅವರು ಓದಿದ ಮೂಳೆ ಯಾವುದೆಂದು ಪತ್ತೆ ಹಚ್ಚುವುದೇ ಅವಳಿಗೊಂದು ಪರೀಕ್ಷೆಯಾಗುತ್ತಿತ್ತು. ತಾಯಿ ಬೇಕರಿಯಿಂದ ಬಂದು, “ಇದೇನು ಅಂಗಡಿಯೋ ಸಂತೆಯೋ, ಹುಡುಗಿ ಓದೋದು ಬೇಡ್ವಾ?” ಎಂದರೆ, “ನೀನು ಹಾಗಂದಿದ್ದಕ್ಕೇ ಇಷ್ಟೆಲ್ಲ ಆಗಿದ್ದು,” ಎಂದು ಗಂಡ ಅವಳ ಬಾಯಿ ಮುಚ್ಚಿಸುತ್ತಿದ್ದ. ಪರೀಕ್ಷೆಯ ದಿನ ಜೊತೆಗೆ ಬರುತ್ತೇನೆಂದು ಅವನು ಹೊಸ ಅಂಗಿ ಹಾಕಿ ನಿಂತಿದ್ದ. “ನೀನು ಅಂಗಡಿ ತೆಗಿ,” ಎಂದು ಹೇಳಿ ಅವಳು ಒಬ್ಬಳೇ ಬಸ್ಸು ಹತ್ತಿದಳು.

ಫಲಿತಾಂಶ ಬಂದ ಬೆಳಗ್ಗೆ ನಾನು ಕುರ್ಚಿಯಲ್ಲಿದ್ದೆ. ಅವನು ನನ್ನ ಎರಡು ಕೆನ್ನೆಗೂ ನೊರೆ ಹಚ್ಚಿ, ರೇಜರನ್ನು ಚರ್ಮದ ಪಟ್ಟಿಗೆ ಉಜ್ಜುತ್ತ, ಈ ಸಲದ ತರಕಾರಿ ಬೆಲೆಯ ಬಗ್ಗೆ ತನ್ನೊಂದಿಗೆ ತಾನೇ ಜಗಳವಾಡುತ್ತಿದ್ದ. ಗಾರ್ಡ್ ಸಾಹೇಬರು ಬೆಂಚಿನ ಮೇಲೆ ಕುಳಿತು ಅರ್ಧ ಬೆಳೆದ ಮೀಸೆಯನ್ನು ತಿರುವಲು ಕಷ್ಟಪಡುತ್ತಿದ್ದರು. ಬೆಳಗ್ಗೆಯೇ ಎಲ್ಲಿಗೋ ಹೊರಗೆ ಹೋಗಿದ್ದ ಹುಡುಗಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

“ಬರ್ಲಿಲ್ಲ ಅಪ್ಪ.”

ಅವನ ಕೈ ಪಟ್ಟಿಯ ಮೇಲೆ ನಿಂತಿತು.

“ಎಷ್ಟರಲ್ಲಿ ಹೋಯ್ತಮ್ಮ?” ಎಂದು ಗಾರ್ಡ್ ಸಾಹೇಬರು ಕೇಳಿದರು. ಕೇಳಬಾರದಿತ್ತು.

“ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ ತಾತ. ಎಲ್ಲ ಸಲಕ್ಕಿಂತ ಜಾಸ್ತಿ. ಆದ್ರೂ ಸ್ವಲ್ಪ ಸಾಲದು.”

ತೀರಾ ಹಿಂದೆ ಬಿದ್ದು ಸೋತಿದ್ದರೆ ಸುಲಭವಾಗುತ್ತಿತ್ತು. ಇದು ಹತ್ತಿರ, ಇಷ್ಟು ಹತ್ತಿರ. ಮುಂದಿನ ಮಾತು ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು; ಅದು ಆ ಕೋಣೆಯಲ್ಲಿ ತೂಗಾಡುತ್ತಿತ್ತು. ಕನ್ನಡಿಯಲ್ಲಿ ನನಗೆ ರೇಡಿಯೊನ ಮುಖ ಕಾಣಿಸುತ್ತಿತ್ತು. ತುಟಿ ಬಿಚ್ಚಿತು. ಮಗಳು ಅವನನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ.

“ಮುಂದೇನು ಮಾಡ್ತೀಯ ಮರಿ?” ಎಂದ.

ಅವಳ ಬಿಗಿದ ಭುಜಗಳು ಸಡಿಲವಾದವು. “ಆಸ್ಪತ್ರೆ ಪಕ್ಕದ ಕಾಲೇಜಿನಲ್ಲಿ ಲ್ಯಾಬ್ ಕೋರ್ಸ್ ಇದೆಯಲ್ಲ, ರಕ್ತ ಪರೀಕ್ಷೆ ಮಾಡೋದು, ಕಾಯಿಲೆ ಹುಡುಕೋದು, ಅದು. ಈಗ ಅಲ್ಲೇ ಹೋಗಿ ಕೇಳಿ ಬಂದೆ. ಈ ಅಂಕಕ್ಕೆ ಕರೆದು ಸೀಟು ಕೊಡ್ತಾರಂತೆ. ನನಗೆ ಇಷ್ಟ ಆಯ್ತಪ್ಪ. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡೋಕೆ ಬಿಟ್ರು.”

“ಅಂದ್ರೆ ಜನರ ರಕ್ತ ತೆಗೆಯೋದು?”

“ಹೂಂ.”

“ಅದಕ್ಕೆ ಕಾಲೇಜು ಯಾಕೆ? ನಾನು ದಿನಾ ತೆಗೀತೀನಿ. ಕೇಳು ಮೇಷ್ಟ್ರನ್ನ.”

ಗಾರ್ಡ್ ಸಾಹೇಬರು ತೊಡೆ ತಟ್ಟಿಕೊಂಡು ನಕ್ಕರು. ಹುಡುಗಿಯೂ ನಕ್ಕಳು. ಅಪ್ಪನ ಹತ್ತಿರ ಬಂದು, ಅವನ ತೋಳಿಗೆ ಹಣೆಯನ್ನು ಒಂದು ಕ್ಷಣ ಆನಿಸಿ, “ಅಮ್ಮನಿಗೆ ಹೇಳಿ ಬರ್ತೀನಿ,” ಎಂದು ಬೇಕರಿಯ ಕಡೆ ಹೊರಟಳು. ಬೀದಿಗಿಳಿದ ಮೇಲೆ ಅವಳು ಓಡಿದ್ದು ಕನ್ನಡಿಯಲ್ಲಿ ಕಾಣಿಸಿತು.

ರೇಡಿಯೊ ಅವಳು ಕಣ್ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಿದ್ದ. ಹಿಂದಿರುಗಿ ಬಂದು ರೇಜರ್ ಎತ್ತಿಕೊಂಡ. ಅದರ ಅಲಗು ಬೆಳಕಿನಲ್ಲಿ ಸಣ್ಣಗೆ ನಡುಗುತ್ತಿತ್ತು. ಅದನ್ನು ಅವನೂ ನೋಡಿದ. ರೇಜರನ್ನು ಸದ್ದಿಲ್ಲದೆ ಕೆಳಗಿಟ್ಟು ಬ್ರಷ್ ತೆಗೆದುಕೊಂಡ. ಆಗಲೇ ನೊರೆ ಹಚ್ಚಿದ್ದ ನನ್ನ ಕೆನ್ನೆಗೆ ಮತ್ತೆ ನೊರೆ ಹಚ್ಚತೊಡಗಿದ, ನಿಧಾನವಾಗಿ, ಸುತ್ತಿ ಸುತ್ತಿ. ತರಕಾರಿ ಬೆಲೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಿದ. ದನಿ ಒಂದೆರಡು ಕಡೆ ಎಡವಿತು, ಮತ್ತೆ ಎದ್ದು ನಡೆಯಿತು. ನೊರೆ ಕಿವಿಯವರೆಗೆ ಬಂತು, ಕುತ್ತಿಗೆಗೂ ಇಳಿಯಿತು. ಕೈ ತಹಬಂದಿಗೆ ಬರಲೆಂದು ನಾನು ಕಣ್ಣು ಮುಚ್ಚಿ ಕುಳಿತೆ. ನನಗೇನೂ ಅವಸರವಿರಲಿಲ್ಲ.